ಜಾರುಬಂಡೆ ಕಾಯ್ದವಳು

ನಮ್ಮ ತಂಗಿಯ ಮೊಮ್ಮಗಳು ಸುಧಾ ಈಚೆಗೆ ನೀರಾಟದ ಪಾರ್ಕೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಎತ್ತರದ ಕೊಳವೆಯೊಳಗೆ ಜಾರಿ ಬರುವವರನ್ನು ಮೇಲೆ ನಿಂತು ಒಬ್ಬೊಬ್ಬರನ್ನಾಗಿ ಬಿಡುವುದು ಅವಳ ಕೆಲಸ. ಸೇರಿದ ವಾರವೇ ಫೋನ್ ಮಾಡಿ, "ಅಜ್ಜಿ, ಇಲ್ಲಿ ಯಾರೂ ನನ್ನ ಮಾತೇ ಕೇಳಲ್ಲ" ಎಂದು ಅಳುವಂತೆ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮಾಡಿದ್ದೂ ಅದೇ ಕೆಲಸ. ನಾನಿದ್ದಲ್ಲಿ ಕೊಳವೆಯೂ ಇರಲಿಲ್ಲ, ನೀರೂ ಇರಲಿಲ್ಲ. ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲಿ ಒಂದು ಬೋಳು ಬಂಡೆ ಇತ್ತು, ಅಷ್ಟೇ. ಅವಳಿಗೂ ಅವಳ ಜೊತೆಗೆ ಸೇರಿದ ಹುಡುಗ ಹುಡುಗಿಯರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಕುರ್ಚಿಯಲ್ಲಿ ಕೂತೆ ಎಂಬುದನ್ನು ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.

ನಾನು ಹರಿಯಬ್ಬೆಯವಳು. ಹಿರಿಯೂರಿನಲ್ಲಿ ಹೈಸ್ಕೂಲು ಓದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಚಿತ್ರದುರ್ಗದ ಬೆಟ್ಟದ ಮೇಲೆ ಸಿನಿಮಾವೊಂದರ ಚಿತ್ರೀಕರಣ ನಡೆದು ಅದು ಓಡಿದ ಮೇಲೆ ನೋಡಲು ಬರುವವರು ಹೆಚ್ಚಾದರು. ಹೆಣ್ಣುಮಕ್ಕಳ ಶಾಲೆಗಳೂ ಬರತೊಡಗಿದವು. ಅವರ ಜೊತೆಗಿರಲು ಒಬ್ಬಳು ಹೆಂಗಸು ಬೇಕೆಂದು ಬೆಟ್ಟ ನೋಡಿಕೊಳ್ಳುವ ಕಚೇರಿಯವರು ನನ್ನನ್ನು ತೆಗೆದುಕೊಂಡರು. ಸೇರಿದ ದಿನ ಕೈಗೆ ಒಂದು ವಿಷಲ್ ಕೊಟ್ಟು, ಜಾರುಬಂಡೆಯ ಹತ್ತಿರ ನಿಲ್ಲಿಸಿ, "ಯಾರೂ ಜಾರದಂತೆ ನೋಡಿಕೊ" ಎಂದರು.

ಆ ಬಂಡೆಯನ್ನು ನೋಡಿದವರಿಗೆ ಗೊತ್ತು. ಎಷ್ಟೋ ತಲೆಮಾರುಗಳು ಕೂತು ಜಾರಿ ಜಾರಿ ನಡುವೆ ಒಂದು ಪಟ್ಟೆ ಕನ್ನಡಿಯಂತೆ ನುಣುಪಾಗಿತ್ತು. ಮೇಲ್ತುದಿಯಲ್ಲಿ "ಜಾರುವುದನ್ನು ನಿಷೇಧಿಸಿದೆ" ಎಂಬ ಬೋರ್ಡಿತ್ತು. ಮಕ್ಕಳು ಅದಕ್ಕೆ ಚೀಲ ನೇತುಹಾಕಿ ಜಾರಲು ಕೂರುತ್ತಿದ್ದರು. ಬೋರ್ಡಿನಿಂದ ಆಗುತ್ತಿದ್ದ ಉಪಯೋಗ ಅದೊಂದೇ.

ನಾನು ನಿಷ್ಠೆಯಿಂದ ವಿಷಲ್ ಊದಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೆನ್ನೆ ನೋಯುವಷ್ಟು ಊದಿದೆ. ಊದಿದಷ್ಟೂ ಮಕ್ಕಳು ಹೆಚ್ಚಾದರು. ನನ್ನ ಮೇಲಿನವರು ಜಮಾದಾರ್ ತಿಪ್ಪೇಸ್ವಾಮಿ. ಬೆಟ್ಟದ ಕಾವಲಿನವರಿಗೆಲ್ಲ ಹಿರಿಯರು. ಸ್ವಲ್ಪ ದೂರದ ಗುಂಡುಕಲ್ಲಿನ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಒಮ್ಮೊಮ್ಮೆ "ಚೆನ್ನಾಗಿ ಊದ್ತೀಯ ಕಣವ್ವ" ಎನ್ನುತ್ತಿದ್ದರು. ನಾನು ಹೆಮ್ಮೆಯಿಂದ ಇನ್ನಷ್ಟು ಊದುತ್ತಿದ್ದೆ.

ಒಂದು ಸಂಜೆ ನಾನು ಸೋತು ಕೂತಾಗ ಅವರು ಪಕ್ಕಕ್ಕೆ ಬಂದರು.

"ರುದ್ರವ್ವ, ಮೊದ್ಲು ಹೊಸಬರಿಗೆ ಈ ಬಂಡೆ ಎಲ್ಲೈತೆ ಅಂತ ಗೊತ್ತಾಗ್ತಿರ್ಲಿಲ್ಲ. ಹುಡುಕ್ಕೊಂಡು ಹುಡುಕ್ಕೊಂಡು ಅರ್ಧ ಜನ ವಾಪಸ್ ಹೋಗೋರು. ಈಗ ನಿನ್ ವಿಷಲ್ ಕೇಳ್ಕೊಂಡು ಸೀದಾ ಬರ್ತಾರೆ."

ನನಗೆ ಅಳು ಬಂತು. "ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಜಮಾದಾರ್ರೆ?"

"ಹೇಳಿದ್ರೆ ವಿಷಲ್ ಬಿಡ್ತಿದ್ದೆ, ಊದೋ ಆಸೆ ಬಿಡ್ತಿರ್ಲಿಲ್ಲ. ಈಗ ಎರಡೂ ಬಿಟ್ಟೈತೆ ನೋಡು."

ಅವರು ಕಲಿಸುತ್ತಿದ್ದುದು ಹೀಗೆ. ಆಗ ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನದಿಂದ ನನ್ನನ್ನು ಬಂಡೆಯ ಕೆಳಗೆ ಕೂರಿಸಿದರು. ಏನೂ ಮಾಡಬೇಡ, ಬೀಳುವವರು ಯಾರು ಎಂದು ನೋಡು ಎಂದರು. ನೋಡಿದೆ. ಪುಂಡ ಹುಡುಗರೇ ಬೀಳುತ್ತಾರೆಂದು ನಾನು ಎಣಿಸಿದ್ದೆ. ಅವರು ಕಿರುಚುತ್ತಾ ಬಂದು ಸುಖವಾಗಿ ಇಳಿಯುತ್ತಿದ್ದರು. ಹೆದರುಪುಕ್ಕಲರೂ ಬೀಳುತ್ತಿರಲಿಲ್ಲ, ಅವರು ಮೇಲೆ ಹತ್ತುತ್ತಲೇ ಇರಲಿಲ್ಲ. ಮೊಣಕೈ ತರಚಿಕೊಳ್ಳುತ್ತಿದ್ದವರು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಕಾಲೂರಲು ಹೋದವರು. ಇದನ್ನು ಹೇಳಿದಾಗ ತಿಪ್ಪೇಸ್ವಾಮಿಯವರು, "ಹಂಗಾದ್ರೆ ಇನ್ನು ಮೇಲಕ್ಕೆ ಹೋಗು. ಕಾಲು ನೋಡ್ಬ್ಯಾಡ, ಮುಖ ನೋಡು" ಎಂದರು.

ಸುಧಾ, ಇದನ್ನು ಗಮನವಿಟ್ಟು ಓದು. ಕೂತವರ ಕಣ್ಣು ಕೆಳಗಿದ್ದರೆ ಬಿಡು. ಕಣ್ಣು ಹಿಂದಿನ ಸ್ನೇಹಿತರ ಕಡೆಗಿದ್ದರೆ ಬಿಡಬೇಡ. ಅವರು ಬೇರೆಯವರ ಧೈರ್ಯದಲ್ಲಿ ಕೂತಿರುತ್ತಾರೆ. ಅಂಥವರನ್ನು ಬೈಯಬಾರದು, ಗೇಲಿ ಮಾಡಲೂಬಾರದು. ನಾನು ಪಕ್ಕದಲ್ಲಿ ಮಜ್ಜಿಗೆ ಮಾರುತ್ತಿದ್ದವಳನ್ನು ತೋರಿಸಿ, "ಈರಕ್ಕನ ಹತ್ರ ಒಂದು ಲೋಟ ಮಜ್ಜಿಗೆ ಕುಡ್ದು ಬಾ, ಆಮೇಲೆ ನಿನ್ ಸರದಿ" ಎಂದು ಕಳಿಸುತ್ತಿದ್ದೆ. ಕೆಲವರು ಮಜ್ಜಿಗೆ ಕುಡಿದು ಬರುತ್ತಿದ್ದರು. ಕೆಲವರು ಮಜ್ಜಿಗೆ ಕುಡಿದು ಅಲ್ಲೇ ಕೂರುತ್ತಿದ್ದರು. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ, ಈರಕ್ಕನ ಮಡಕೆಯೂ ಖಾಲಿಯಾಗುತ್ತಿತ್ತು.

ಹೀಗೆ ನಿಷೇಧಿಸಿದ ಬಂಡೆಯನ್ನು ನಾವು ಸದ್ದಿಲ್ಲದೆ ನಡೆಸತೊಡಗಿದೆವು. ಮೇಲೆ ನಾನು. ಕೆಳಗೆ ಕಡಲೆಕಾಯಿ ಮಾರುವ ರಶೀದ್ ಸಾಬರು. ಒಬ್ಬರು ಇಳಿದು ಪಕ್ಕಕ್ಕೆ ಸರಿದ ಮೇಲೆ ಅವರು ಟವೆಲ್ ಬೀಸಬೇಕು, ಬೀಸಿದ ಮೇಲೆ ನಾನು ಇನ್ನೊಬ್ಬರನ್ನು ಬಿಡಬೇಕು. ಬುಡದಲ್ಲಿ ಹಳ್ಳದ ಮರಳು ತಂದು ಸುರಿದೆವು. ಹೊಳಲ್ಕೆರೆ ಕಡೆಯ ತೋಟಗಳಿಂದ ಅಡಿಕೆ ಹಾಳೆಗಳು ಬಸ್ಸಿನ ಟಾಪಿನ ಮೇಲೆ ಬರುತ್ತಿದ್ದವು. ಕಂಡಕ್ಟರ್ ಕಟ್ಟನ್ನು ಕೆಳಗೆಸೆದು, "ನಿಮ್ಮ ವಿಮಾನ ಬಂದ್ವು ನೋಡ್ರಪ್ಪ" ಎಂದು ಕೂಗುತ್ತಿದ್ದ. ಹಾಳೆಯ ಮೇಲೆ ಕೂತು ಅದರ ತುದಿಯನ್ನು ಎರಡು ಕೈಯಲ್ಲಿ ಹಿಡಿದರೆ ಬಟ್ಟೆಯೂ ಹರಿಯದು, ಚರ್ಮವೂ ಸುಲಿಯದು.

ಇದನ್ನು ನಂಬದವರೊಬ್ಬರ ಕಥೆ ಹೇಳಲೇಬೇಕು. ಹೊಸದುರ್ಗದ ಕಡೆಯ ಹಳ್ಳಿಯ ಶಾಲೆಯಿಂದ ಒಬ್ಬ ಡ್ರಿಲ್ ಮೇಷ್ಟ್ರು ಮಕ್ಕಳನ್ನು ಕರೆತಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಷರಟು. ಮಕ್ಕಳ ಮುಂದೆ ನಿಂತು, "ಶಿಸ್ತಿನಿಂದ ಜಾರುವುದು ಹೇಗೆ ಅಂತ ತೋರಿಸ್ತೀನಿ" ಎಂದರು. ಹಾಳೆ ಕೊಡಲು ಹೋದೆ. "ಅದೆಲ್ಲ ಮಕ್ಕಳಿಗೆ" ಎಂದರು. ಬೆನ್ನು ನೆಟ್ಟಗೆ, ಕೈಗಳು ತೊಡೆಯ ಮೇಲೆ, ನೋಟ ಮುಂದೆ. ಕಣ್ಣು ಹಿಂದಕ್ಕೆ ತಿರುಗಲಿಲ್ಲ, ಆದ್ದರಿಂದ ಬಿಟ್ಟೆ. ಮೈ ನಿಜಕ್ಕೂ ಶಿಸ್ತಿನಿಂದಲೇ ಇಳಿಯಿತು. ಪ್ಯಾಂಟಿನ ಹಿಂಭಾಗ ಮಾತ್ರ ನಡುದಾರಿಯಲ್ಲೇ ಉಳಿಯಿತು.

ಕೆಳಗೆ ತಲುಪಿದ ಮೇಷ್ಟ್ರು ಮರಳಿನ ಮೇಲೆ ಕೂತವರು ಏಳಲಿಲ್ಲ. ಮಕ್ಕಳಿಗೆ, "ಎಲ್ಲರೂ ಹಿಂದೆ ತಿರುಗಿ" ಎಂದು ಆಜ್ಞೆ ಮಾಡಿದರು. ಎಲ್ಲರೂ ತಿರುಗಿದರು. ರಶೀದ್ ಸಾಬರು ಮೆಲ್ಲಗೆ ಹೋಗಿ, "ಮೇಷ್ಟ್ರೇ, ನನ್ ಚೀಲದಾಗೆ ಒಗೆದಿರೋ ಲುಂಗಿ ಒಂದೈತೆ" ಎಂದರು. ಅಂದು ಆ ಶಾಲೆಯ ಮಕ್ಕಳು ಎಡ-ಬಲ ಹೇಳಿಸಿಕೊಂಡು ಬಸ್ಸಿನವರೆಗೆ ಸಾಲಾಗಿ ನಡೆದರು. ಮುಂದೆ ಹಸಿರು ಚೌಕಳಿಯ ಲುಂಗಿಯುಟ್ಟ ಮೇಷ್ಟ್ರು, ಬೆನ್ನು ಆಗಲೂ ನೆಟ್ಟಗೇ. ನಗದೆ ನಡೆದ ಆ ಮಕ್ಕಳ ಶಿಸ್ತನ್ನು ಮೆಚ್ಚಬೇಕು. ಬಸ್ಸು ತಿರುವು ದಾಟಿದ ಮೇಲೆ ಒಳಗಿಂದ ಎದ್ದ ನಗೆ ನಮ್ಮ ಬಂಡೆಯವರೆಗೆ ಕೇಳಿಸಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ನಗೆ ಮೇಷ್ಟ್ರದೇ ಎಂದು ರಶೀದ್ ಸಾಬರು ಇವತ್ತಿಗೂ ಸಾಧಿಸುತ್ತಾರೆ.

ಆಮೇಲೆ ಹೊಸ ಸೂಪರಿಂಟೆಂಡೆಂಟ್ ಬಂದರು. ನಾವು ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು. ರೇಡಿಯೋದ ವಾರ್ತೆಯವರಂತೆ ಅಚ್ಚುಕಟ್ಟಾದ ಕನ್ನಡ, ಕಾಲಲ್ಲಿ ಮಿರುಗುವ ಬೂಟು. ಮೊದಲ ಸುತ್ತಿನಲ್ಲೇ ಬಂಡೆಯ ಮುಂದೆ ನಿಂತು ಬೋರ್ಡನ್ನೂ ಅದಕ್ಕೆ ನೇತುಬಿದ್ದ ಚೀಲಗಳನ್ನೂ ನೋಡಿದರು.

"ನಿಷೇಧ ಎಂದರೆ ಏನು ಅರ್ಥ, ಜಮಾದಾರರೇ?"

"ಬ್ಯಾಡ ಅಂತ ಸಾರ್."

"ಹಾಗಾದರೆ ಇದು ಏನು?"

ತಿಪ್ಪೇಸ್ವಾಮಿಯವರು ಜಾರುತ್ತಿದ್ದ ಹುಡುಗನನ್ನು ನೋಡಿದರು. "ಇದು ಬ್ಯಾಡ ಅಂದ್ರೂ ಕೇಳದೇ ಇರೋದು ಸಾರ್."

ವಾರದೊಳಗೆ ಬಂಡೆಯ ಮೇಲ್ತುದಿಗೆ ಜಾಲಿಮುಳ್ಳಿನ ಬೇಲಿ ಬಿತ್ತು. ಹಾಳೆಗಳನ್ನು ಕಟ್ಟಿ ಕೋಣೆಯಲ್ಲಿ ಹಾಕಿಸಿದರು. ನನಗೆ ದುಃಖಕ್ಕಿಂತ ಭಯವಾಯಿತು. ಇಷ್ಟು ದೂರ ಬಂದವರು ಬೇಲಿ ನೋಡಿ ಸುಮ್ಮನೆ ಹೋಗುವವರಲ್ಲ. ಬೇಲಿಯ ಆಚೆಗೆ ಇನ್ನೊಂದು ಇಳಿಜಾರಿತ್ತು. ಅದು ಕಡಿದಾದದ್ದು, ಅದರ ಬುಡದಲ್ಲಿ ಮರಳಿರಲಿಲ್ಲ, ಕಲ್ಲು ಕಟ್ಟಿದ ಹಳೆಯ ನೀರಿನ ಹೊಂಡವಿತ್ತು. ತಿಪ್ಪೇಸ್ವಾಮಿಯವರು ಇದನ್ನು ಸಾಹೇಬರಿಗೆ ಹೇಳಿದರು. "ಅಲ್ಲಿಗೆ ಯಾರು ಹೋಗುತ್ತಾರೆ?" ಎಂದರು ಸಾಹೇಬರು.

ಹೋದವನು ಹಿರಿಯೂರಿನ ಕಡೆಯ ಹೊಸ ಮದುವಣಿಗ. ಹೆಂಡತಿಯನ್ನು ಬೆಟ್ಟ ತೋರಿಸಲು ಕರೆತಂದಿದ್ದ. ಮದುವೆಯ ಹೊಸ ಚಪ್ಪಲಿ ಹಾಕಿಕೊಂಡೇ ಆ ಇಳಿಜಾರಿಗೆ ಇಳಿದ. ಅರ್ಧಕ್ಕೆ ಬರುವಷ್ಟರಲ್ಲಿ ಚಪ್ಪಲಿಗಳು ಅವನನ್ನು ಬಿಟ್ಟು ಹೊಂಡಕ್ಕೆ ಹೋದವು. ಅವನು ಅಂಗೈಯಗಲ ಚಾಚಿದ ಒಂದು ಕಲ್ಲಿನ ಮೇಲೆ ಹಿಮ್ಮಡಿಯೂರಿ ಬಂಡೆಗೆ ಅಂಟಿಕೊಂಡು ನಿಂತ.

ನಾವು ಓಡಿಹೋದಾಗ ಆ ಹುಡುಗಿ ಮೇಲೆ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತಿದ್ದಳು. ಮಾತು ಬಹಳ ಸಮಾಧಾನವಾಗಿತ್ತು. "ಇವ್ರು ಮನೇಲೂ ಹಿಂಗೇ ಅಕ್ಕ. ಅಟ್ಟ ಹತ್ತಿದ್ರೆ ಇಳಿಯಾಕೆ ಬರಲ್ಲ" ಎಂದಳು. ಆದರೆ ಪೊಟ್ಟಣದಿಂದ ಕಡಲೆಕಾಯಿ ಒಂದೊಂದಾಗಿ ಉದುರುತ್ತಿತ್ತು.

ರಶೀದ್ ಸಾಬರು ಕೆಳಗಿನ ಬಾವಿಗೆ ಓಡಿ ಹಗ್ಗಗಳನ್ನು ಬಿಚ್ಚಿ ತಂದರು. ತಿಪ್ಪೇಸ್ವಾಮಿಯವರು ಒಂದರ ತುದಿಯನ್ನು ಗುಂಡುಕಲ್ಲಿಗೆ ಸುತ್ತಿ ಬಿಗಿದು, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು. "ನೀನೇ ಹಗುರ ಇರೋಳು. ಆಗುತ್ತಾ? ಆಗಲ್ಲ ಅಂದ್ರೆ ಈಗ್ಲೇ ಹೇಳು, ಯಾರೂ ಏನೂ ಅನ್ನಲ್ಲ."

ನಾನು ಎಷ್ಟೋ ಮಕ್ಕಳ ಮುಖ ನೋಡಿ ನಿರ್ಧರಿಸಿದ್ದೆ. ಅವತ್ತು ಅವರು ನನ್ನ ಮುಖ ನೋಡುತ್ತಿದ್ದರು. ನಾನು ಹಿಂದೆ ತಿರುಗಿ ನೋಡಲಿಲ್ಲ. ಸೀರೆಯನ್ನು ಕಚ್ಚೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಬಂಡೆಗೆ ಹೊಟ್ಟೆಯೊತ್ತಿ ಇಳಿದೆ. ಕೆಳಗಿನ ನೀರು ಕಾಣದಿರಲೆಂದು ಕಲ್ಲಿನ ಮೇಲಿನ ಒಂದು ಇರುವೆಯನ್ನೇ ನೋಡುತ್ತಾ ಹೋದೆ.

ಅವನ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟುವಾಗ ಅವನು ಪಿಸುಗುಟ್ಟಿದ. "ಅಕ್ಕ, ಅವ್ಳು ನೋಡ್ತಾ ಅದಾಳಾ?"

"ನೋಡ್ತಾ ಅದಾಳೆ."

"ಹಂಗಾದ್ರೆ ಜೋರಾಗಿ ಎಳೀಬ್ಯಾಡ ಅನ್ರಿ. ನಾನೇ ಹತ್ತಿದಂಗೆ ಕಾಣ್ಲಿ."

ಸಾವಿನ ಬಾಯಲ್ಲಿ ನಿಂತು ಇಂಥ ಕೋರಿಕೆ. ನನಗೆ ನಗು ಬಂದು ಕೈ ಸಡಿಲವಾಗುವುದರಲ್ಲಿತ್ತು. "ಬಾಯಿ ಮುಚ್ಕೊಂಡು ಹಗ್ಗ ಹಿಡ್ಕಳಪ್ಪ" ಎಂದೆ.

ಅದೇ ಹೊತ್ತಿಗೆ ಬೇಲಿ ನೋಡಲೆಂದು ಸಾಹೇಬರು ಬಂದಿದ್ದರು. ನಮ್ಮವರು ಎಳೆಯಲು ಶುರುಮಾಡಿದ್ದರು. ಅವನ ಕಾಲು ಒಮ್ಮೆ ಜಾರಿ ಹಗ್ಗ ಜಗ್ಗಿದಾಗ ಎಳೆಯುತ್ತಿದ್ದವರೆಲ್ಲ ಮುಗ್ಗರಿಸಿದರು. ಸಾಹೇಬರು ಬೂಟು ಕಿತ್ತೆಸೆದು, ನೆಲಕ್ಕೆ ಕೂತು, ಒಂದು ಕಲ್ಲಿಗೆ ಕಾಲು ಕೊಟ್ಟು ಹಗ್ಗ ಹಿಡಿದರು. "ಬಿಡಬ್ಯಾಡ್ರಲೇ, ಎಳೀರಿ. ಹಂಗೇ ಎಳೀರಲೇ" ಎಂಬ ದನಿ ನನಗೆ ಕೆಳಗೆ ಕೇಳಿಸಿತು. ಯಾರಪ್ಪ ಇದು, ನಮ್ಮ ಸೀಮೆಯವರು, ಎಂದುಕೊಂಡೆ. ಮೇಲೆ ಬಂದು ನೋಡಿದರೆ ಸಾಹೇಬರು. ಹುಟ್ಟಿದ್ದು ಹೊಸದುರ್ಗದ ಹತ್ತಿರವಂತೆ. ಅದನ್ನು ಅಲ್ಲಿಯತನಕ ಒಬ್ಬರಿಗೂ ಹೇಳಿರಲಿಲ್ಲ.

ಮದುವಣಿಗ ಮೇಲೆ ಬಂದು ತಾನೇ ಹತ್ತಿದವನಂತೆ ಕೈ ಕೊಡವಿಕೊಂಡ. ಅವನ ಹೆಂಡತಿ ಉಳಿದ ಕಡಲೆಕಾಯಿಯನ್ನು ಅವನ ಕೈಗೆ ಸುರಿದು, ಆಮೇಲೆ ಕೂತು ಚೆನ್ನಾಗಿ ಅತ್ತಳು. ಈರಕ್ಕ ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ಸಾಹೇಬರು ಸುಲಿದ ಅಂಗೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದರು. "ಅವನು ಈ ಕಡೆ ಯಾಕೆ ಬಂದ?" ಎಂದರು.

"ಆ ಕಡೆ ಬೇಲಿ ಐತಲ್ಲ ಸಾರ್" ಎಂದರು ತಿಪ್ಪೇಸ್ವಾಮಿ.

ಸಾಹೇಬರು ಬೇಲಿಯ ಕಡೆ ತಿರುಗಿದರು. "ಈ ಜಾಲಿ ಬೇಲಿ ಎಷ್ಟು ದಿನ ಬಾಳುತ್ತೆ?"

"ಮೇಕೆ ಬರ್ಲಿಲ್ಲ ಅಂದ್ರೆ ಬಾಳ ದಿನ ಇರ್ತೈತೆ ಸಾರ್."

"ಇಲ್ಲಿ ಮೇಕೆ ಬರ್ತಾವಾ?"

"ತಾವು ಹೇಳಿದ್ರೆ ಬರ್ತಾವೆ."

ಸಾಹೇಬರು ಬೂಟು ಹಾಕಿಕೊಂಡು, "ನಾನೇನೂ ಹೇಳಲಿಲ್ಲ" ಎಂದು ಎದ್ದುಹೋದರು.

ಮಾರನೆಯ ದಿನ ಬೇಲಿ ಇರಲಿಲ್ಲ. ಆ ತಿಂಗಳು ಈರಕ್ಕನ ಒಲೆಗೆ ಸೌದೆಯ ಚಿಂತೆಯೂ ಇರಲಿಲ್ಲ. ಬೇಲಿಯನ್ನು ಮೇಕೆಗಳು ತಿಂದುಹಾಕಿವೆ ಎಂದು ಸಾಹೇಬರು ಮೇಲಿನ ಕಚೇರಿಗೆ ತಿಳಿಸಿದರು. ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಂಡೆವು. ಮೇಲಿನ ಕಚೇರಿಯವರು ಹಾಗೆ ಬಿಡುವವರೇ? ಯಾರ ಮೇಕೆ ಎಂದು ಕೇಳಿದರು. ವಿಚಾರಣೆಗೆ ಒಬ್ಬ ಅಧಿಕಾರಿಯನ್ನೂ ಕಳಿಸಿದರು.

ಈಗ ಒಂದು ಮೇಕೆಯನ್ನು ಒದಗಿಸಬೇಕಾಯಿತು. ಈರಕ್ಕನ ಮನೆಯಲ್ಲಿ ಒಂದಿತ್ತು. ಬಿಳಿ ಮೈ, ಕರಿ ಕಿವಿ, ಸಾಧು ಪ್ರಾಣಿ. ಈರಕ್ಕ ಅದನ್ನು ತೊಳೆದು ಕರೆತಂದಳು. ಆರೋಪಿಯನ್ನು ತೊಳೆದು ತರಬಾರದಿತ್ತು ಎಂದು ತಿಪ್ಪೇಸ್ವಾಮಿಯವರು ಗೊಣಗಿದರು. ಅಧಿಕಾರಿಗಳು ಕನ್ನಡಕ ಸರಿಮಾಡಿಕೊಂಡು ಮೇಕೆಯನ್ನು ನೋಡಿದರು. ಒಂದು ಜಾಲಿ ಟೊಂಗೆ ತರಿಸಿ ಅದರ ಮುಂದೆ ಹಿಡಿಸಿದರು. ಮೇಕೆ ಮೂಸಿ ನೋಡಿ ಮುಖ ತಿರುಗಿಸಿತು.

"ಇದು ತಿನ್ನುತ್ತಲೇ ಇಲ್ಲವಲ್ಲ" ಎಂದರು ಅಧಿಕಾರಿಗಳು.

ಸಾಹೇಬರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, "ಹೊಟ್ಟೆ ತುಂಬಿದೆ ಸರ್. ಬೇಲಿಯನ್ನು ಪೂರ್ತಿ ತಿಂದಿದೆ" ಎಂದರು.

ಅಧಿಕಾರಿಗಳು ಮೇಕೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಸಾಲಾಗಿ ಹಾಳೆ ಹಿಡಿದು ನಿಂತ ಸಿರಿಗೆರೆ ಕಡೆಯ ಹುಡುಗರನ್ನು, ಕೆಳಗಿನ ಮರಳನ್ನು, ಟವೆಲ್ ಹಿಡಿದ ರಶೀದ್ ಸಾಬರನ್ನು ನೋಡಿದರು. "ಇನ್ನೊಂದು ಬೇಲಿ ಹಾಕಿಸಿದರೆ?"

"ಅದ್ನೂ ತಿಂತೈತೆ ಸ್ವಾಮಿ. ಬಾಳ ಹೊಟ್ಟೆಬಾಕ" ಎಂದಳು ಈರಕ್ಕ.

ಅಧಿಕಾರಿಗಳು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಗುಂಡುಕಲ್ಲಿನ ಹಿಂದಕ್ಕೆ ಹೋದರು. ತಿರುಗಿ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಬೇಲಿಯ ಮಾತು ಮತ್ತೆ ಬರಲಿಲ್ಲ. ಬೋರ್ಡು ಮಾತ್ರ ಇತ್ತು, ಚೀಲಗಳಿಗೆ.

ಕೆಲವು ಕಾಲದ ಮೇಲೆ ತಿಪ್ಪೇಸ್ವಾಮಿಯವರು ನಿವೃತ್ತರಾದರು. ಹಾರ ಬೇಡವೆಂದರು, ಭಾಷಣವನ್ನಂತೂ ಮಾಡಲೇ ಇಲ್ಲ. ಹೋಗುವಾಗ ನನ್ನನ್ನು ಕರೆದು, "ಮೇಲೆ ನಿಂತಿರೋಳು ನೀನು. ಬಿಡೋದು, ಬ್ಯಾಡ ಅನ್ನೋದು ನಿನ್ ಮಾತು. ಸಾಹೇಬ್ರೂ ಹೇಳಂಗಿಲ್ಲ, ನಾನೂ ಹೇಳಂಗಿಲ್ಲ" ಎಂದಷ್ಟೇ ಹೇಳಿದರು. ಅವರಿಲ್ಲದ ಮೊದಲ ಭಾನುವಾರವೇ ಆ ಮಾತಿನ ಭಾರ ಗೊತ್ತಾಯಿತು.

ಚಿಕ್ಕಜಾಜೂರಿನಿಂದ ರೈಲ್ವೆಯವರ ಸಂಸಾರಗಳು ಒಂದು ಬಸ್ಸು ತುಂಬ ಬಂದಿದ್ದವು. ಮಕ್ಕಳು ಹಾಳೆ ಹಿಡಿದು ಸಾಲುಗಟ್ಟಿದ್ದರು. ಅಷ್ಟರಲ್ಲಿ ಸಣ್ಣ ತುಂತುರು ಶುರುವಾಯಿತು. ಒದ್ದೆಯಾದ ಬಂಡೆಯ ಮೇಲೆ ಹಾಳೆ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಇವತ್ತು ಇಲ್ಲ ಎಂದೆ. ಮಕ್ಕಳು ಗೋಗರೆದರು, ದೊಡ್ಡವರು ಗೊಣಗಿದರು. ಆಗಲೇ ಸಾಹೇಬರು ಹೊಸದುರ್ಗದಿಂದ ಬಂದಿದ್ದ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಮುಪ್ಪಾದರೂ ಚುರುಕಾದ ಹೆಂಗಸು. ನೇರವಾಗಿ ಬಂದವರೇ ಕಟ್ಟಿನಿಂದ ಒಂದು ಹಾಳೆ ಆರಿಸಿಕೊಂಡರು.

"ಅಮ್ಮನಿಗೆ ಒಮ್ಮೆ ಆಸೆಯಂತೆ" ಎಂದರು ಸಾಹೇಬರು, ಸ್ವಲ್ಪ ನಾಚಿ.

"ಇವತ್ತು ಆಗಲ್ಲ ಸಾರ್. ಬಂಡೆ ಒದ್ದೆ ಐತೆ."

"ಒಂದೇ ಸಲ. ನಾನು ಹೇಳುತ್ತಿದ್ದೇನಲ್ಲ."

ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇವರನ್ನು ಬಿಟ್ಟರೆ ಉಳಿದವರಿಗೆ ಹೇಳಲು ನನ್ನಲ್ಲಿ ಮಾತೇ ಉಳಿಯುವುದಿಲ್ಲ. ಕೆಲಸ ಹೋದರೆ ಹರಿಯಬ್ಬೆಗೆ ಬಸ್ಸಿದೆ ಎಂದುಕೊಂಡೆ. ಆ ತಾಯಿಯ ಕೈಯಿಂದ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡು, "ಅಮ್ಮ, ಇವತ್ತು ಯಾರಿಗೂ ಇಲ್ಲ" ಎಂದೆ.

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ಅವರು ಸಾಲಿನ ಕಡೆ ತಿರುಗಿ, "ಕೇಳಿಸ್ತಲ್ಲ? ಇವರು ಇಲ್ಲ ಅಂದ ಮೇಲೆ ಇಲ್ಲ. ಬರ್ರಿ, ಸೂರಿನಡಿ ಹೋಗಾಣ" ಎಂದರು. ಎಲ್ಲರೂ ರಶೀದ್ ಸಾಬರು ಬುಟ್ಟಿಯಿಟ್ಟು ಕೂರುವ ಛಾವಣಿಯ ಕೆಳಗೆ ಒತ್ತೊತ್ತಿ ನಿಂತು ಕಡಲೆಕಾಯಿ ತಿಂದರು. ನಾನು ಮಾತ್ರ ಮೇಲೆ ನೆನೆಯುತ್ತಾ ನಿಂತೇ ಇದ್ದೆ. ಆ ತಾಯಿಯ ಹಾಳೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಮಾರನೆಯ ದಿನ ಬಿಸಿಲು ಚೆನ್ನಾಗಿ ಬಿತ್ತು. ನಾನು ಬೆಳಿಗ್ಗೆ ಬೇಗ ಬಂದು ಬಂಡೆಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದೆ. ಹಿಂದೆ ಕೆಮ್ಮಿದ ಸದ್ದಾಯಿತು. ಸಾಹೇಬರ ತಾಯಿ, ಒಬ್ಬರೇ. ಬುಡದವರೆಗೆ ಜಟಕಾದಲ್ಲಿ ಬಂದು, ಮೆಟ್ಟಿಲು ಹತ್ತಿ ಬಂದಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು.

"ಒಣಗೈತೇನವ್ವ?"

"ಒಣಗೈತೆ."

"ನಮ್ ಹುಡುಗ ಇನ್ನೂ ಎದ್ದಿಲ್ಲ. ಅವನಿಗೆ ಹೇಳ್ಬ್ಯಾಡ."

ನಾನು ಅವರ ಮುಖ ನೋಡಿದೆ. ಕಣ್ಣು ಕೆಳಗಿನ ಮರಳಿನ ಮೇಲಿತ್ತು, ಆಚೀಚೆ ಸರಿಯಲಿಲ್ಲ. ಆಗ ತಾನೇ ಬುಟ್ಟಿ ಇಳಿಸಿದ ರಶೀದ್ ಸಾಬರು ಕೆಳಗಿನಿಂದ ಟವೆಲ್ ಬೀಸಿದರು.

"ಕುಂತ್ಕಳ್ರಿ ಅಮ್ಮ" ಎಂದೆ.